ಐ7 ಅಂದರೆ ಯಾವ ಐ7? 65 ಸಾವಿರಕ್ಕೆ ಮೊದಲ ಗೇಮಿಂಗ್ ಪಿಸಿ

ಪ್ರಶ್ನೆ: ಸರ್, ನಾನು ಹಾಸನದಲ್ಲಿ ಬಿಸಿಎ ಓದುತ್ತಿದ್ದೇನೆ. ಮೊದಲ ಸಲ ಗೇಮಿಂಗ್ ಪಿಸಿ ಅಸೆಂಬಲ್ ಮಾಡಿಸಬೇಕು ಅಂತಿದ್ದೇನೆ. ಬಜೆಟ್ 65 ಸಾವಿರ, ಅದರ ಮೇಲೆ ಒಂದು ರೂಪಾಯಿಯೂ ಇಲ್ಲ. ಅಣ್ಣನ 22 ಇಂಚಿನ ಫುಲ್ ಎಚ್‌ಡಿ ಮಾನಿಟರ್ ಇದೆ, 60 ಹರ್ಟ್ಸ್. ಕೀಬೋರ್ಡ್, ಮೌಸ್ ಇವೆ. ವ್ಯಾಲೊರಂಟ್, ಜಿಟಿಎ 5 ಆಡುತ್ತೇನೆ. ಸೈಬರ್‌ಪಂಕ್ 2077 ಆಡುವ ಆಸೆ. ಇಲ್ಲಿನ ಅಂಗಡಿಯವರು ‘ಐ7 ಪ್ರೊಸೆಸರ್, 16 ಜಿಬಿ ರ್‍ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್, 512 ಜಿಬಿ ಎಸ್‌ಎಸ್‌ಡಿ, ಆರ್‌ಜಿಬಿ ಕ್ಯಾಬಿನೆಟ್’ ಅಂತ 42 ಸಾವಿರಕ್ಕೆ ಕೊಟೇಷನ್ ಕೊಟ್ಟಿದ್ದಾರೆ. ಬೆಂಗಳೂರಿನ ಗೆಳೆಯ ‘ರೈಜನ್ 5 5600ಜಿ, ಆರ್‌ಎಕ್ಸ್ 6600, 16 ಜಿಬಿ ರ್‍ಯಾಮ್ ತಗೋ, ಎಸ್‌ಎಂಪಿಎಸ್ (ಪವರ್ ಸಪ್ಲೈ) ಕ್ಯಾಬಿನೆಟ್ ಜೊತೆಗೇ ಬರುತ್ತೆ’ ಅಂತಾನೆ. ಅಂಗಡಿಯದ್ದೇ ತಗೊಂಡರೆ 23 ಸಾವಿರ ಉಳಿಯುತ್ತೆ, ಐ7 ಕೂಡ ಸಿಗುತ್ತೆ ಅಲ್ವಾ?

ಉತ್ತರ: ಉಳಿಯಲ್ಲ. ಆ 42 ಸಾವಿರವೂ ನೀರಿಗೆ ಹೋಗುವ ಸಾಧ್ಯತೆ ಜಾಸ್ತಿ. ನಿಮ್ಮ ಗೆಳೆಯ ಹೇಳಿದ ದಾರಿ ಸರಿಯಿದೆ, ಅದರಲ್ಲಿ ಎರಡು ಮೂರು ಕಡೆ ತಿದ್ದಬೇಕು. ಮೊದಲು ಅಂಗಡಿಯ ಕೊಟೇಷನ್ ನೋಡೋಣ. ಅದನ್ನು ಓದಲು ಬಂದರೆ ಅರ್ಧ ಕೆಲಸ ಮುಗಿದ ಹಾಗೆ.

ಅದರಲ್ಲಿ ಒಂದೇ ಒಂದು ಮಾಡೆಲ್ ನಂಬರ್ ಇಲ್ಲ, ಗಮನಿಸಿದಿರಾ? ಐ7 ಅಂದರೆ ಯಾವ ಐ7? ಐ7-2600 ಬಂದದ್ದು 2011ರಲ್ಲಿ, ಐ7-4770 ಬಂದದ್ದು 2013ರಲ್ಲಿ. ಎರಡೂ ನಾಲ್ಕು ಕೋರ್‌ನವು. ಆಫೀಸುಗಳು ಹೊರಗೆ ಹಾಕಿದ ಹಳೇ ಕಂಪ್ಯೂಟರ್‌ಗಳಿಂದ ಇಂಥವನ್ನು ತೆಗೆದು, ಹೊಳೆಯುವ ಕ್ಯಾಬಿನೆಟ್‌ಗೆ ಹಾಕಿ ‘ಐ7 ಗೇಮಿಂಗ್ ಪಿಸಿ’ ಅಂತ ಮಾರುವುದು ನಮ್ಮಲ್ಲಿ ದೊಡ್ಡ ವ್ಯಾಪಾರ. 2022ರಲ್ಲಿ ಬಂದ ಐ3-12100ಎಫ್ ಕೂಡ ನಾಲ್ಕೇ ಕೋರ್‌ನದು. ಅದು ಈ ಹಳೇ ಐ7ಗಳನ್ನು ಸುಲಭವಾಗಿ ಹಿಂದೆ ಹಾಕುತ್ತದೆ. ಹೈಫನ್ ನಂತರದ ಅಂಕಿ ಓದಿ: 4770 ಅಂದರೆ ನಾಲ್ಕನೇ ತಲೆಮಾರು, 12400 ಅಂದರೆ ಹನ್ನೆರಡನೆಯದು. ನಂಬರ್ ಬರೆದಿಲ್ಲ ಅಂದರೆ ಹಳೇದು ಅಂತಲೇ ಲೆಕ್ಕ ಹಿಡಿಯಿರಿ.

ನಿಮ್ಮ ವಿಷಯದಲ್ಲಿ ಇನ್ನೊಂದು ತೊಡಕಿದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ನಡೆಯುವುದು ಇಂಟೆಲ್ ಎಂಟನೇ ತಲೆಮಾರಿನಿಂದ ಈಚೆಗೆ. ಅದರಲ್ಲಿ ವ್ಯಾಲೊರಂಟ್ ಆಡಬೇಕಾದರೆ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಎರಡು ಭದ್ರತಾ ಸೌಲಭ್ಯಗಳೂ ಆನ್ ಇರಲೇಬೇಕು. ಹಳೇ ಐ7 ಬೋರ್ಡ್‌ನಲ್ಲಿ ಅದನ್ನೆಲ್ಲ ಹೊಂದಿಸುತ್ತಾ ಕೂರುವುದಕ್ಕಿಂತ ಮೊಬೈಲ್‌ನಲ್ಲಿ ಆಡುವುದೇ ವಾಸಿ.

‘4 ಜಿಬಿ ಗ್ರಾಫಿಕ್ಸ್ ಕಾರ್ಡ್’ ಅನ್ನುವುದೂ ಇಂಥದ್ದೇ ಮಾತು. ಜಿಬಿ ಅನ್ನುವುದು ಕಾರ್ಡ್‌ನ ಶಕ್ತಿ ಅಲ್ಲ, ಅದರ ಮೆಮೊರಿ ಎಷ್ಟು ಅನ್ನುವುದಷ್ಟೇ. ಜಿಟಿ 730 ಅನ್ನುವ 2014ರ ಕಾರ್ಡ್ ಈಗಲೂ 4 ಜಿಬಿ ಮೆಮೊರಿಯೊಂದಿಗೆ ಮಾರಾಟವಾಗುತ್ತದೆ. ಅದರ 64 ಬಿಟ್, ಡಿಡಿಆರ್3 ಮಾದರಿಯಲ್ಲಿ ಸೆಕೆಂಡಿಗೆ ಸುಮಾರು 14 ಜಿಬಿ ಡೇಟಾ ಓಡಾಡುತ್ತದೆ. ನಿಮ್ಮ ಗೆಳೆಯ ಹೇಳಿದ ಆರ್‌ಎಕ್ಸ್ 6600 ಕಾರ್ಡ್‌ನಲ್ಲಿ 224 ಜಿಬಿ. ತಾರಸಿ ಮೇಲೆ ದೊಡ್ಡ ಟ್ಯಾಂಕ್ ಇಟ್ಟು, ಕೆಳಗೆ ದಾರದಷ್ಟು ನೀರು ಬರುವ ನಲ್ಲಿ ಹಾಕಿದ ಹಾಗೆ. ಅಂಗಡಿಯವರಿಗೆ ಫೋನ್ ಮಾಡಿ ಪ್ರೊಸೆಸರ್, ಬೋರ್ಡ್, ಕಾರ್ಡ್ ಮೂರರ ಪೂರ್ತಿ ಹೆಸರು ವಾಟ್ಸಾಪ್‌ನಲ್ಲಿ ಕಳಿಸಿ ಅನ್ನಿ. ಕಳಿಸದಿದ್ದರೆ ಅದೇ ಉತ್ತರ.

ಈಗ ನಿಮ್ಮ ಪಿಸಿ. ನಿಮ್ಮ ಮಾನಿಟರ್ 60 ಹರ್ಟ್ಸ್ ಅಂದರೆ ಸೆಕೆಂಡಿಗೆ 60 ಫ್ರೇಮ್ ಮಾತ್ರ ತೋರಿಸುತ್ತದೆ. ಹಾಗಾಗಿ ಫುಲ್ ಎಚ್‌ಡಿಯಲ್ಲಿ 60 ಫ್ರೇಮ್ ನಿಂತರೆ ಸಾಕು ಅಂತ ಗುರಿ ಇಟ್ಟುಕೊಳ್ಳಿ. ವ್ಯಾಲೊರಂಟ್‌ಗೆ ಇದು ಲೆಕ್ಕಕ್ಕೇ ಇಲ್ಲ, ಅದು ಹಗುರ ಆಟ. ಜಿಟಿಎ 5 ಸಲೀಸು. ನಿಮ್ಮ ದುಡ್ಡು ಎಲ್ಲಿಗೆ ಹೋಗಬೇಕು ಅಂತ ತೀರ್ಮಾನಿಸುವುದು ಸೈಬರ್‌ಪಂಕ್ ಒಂದೇ.

ನಾನಾದರೆ 65 ಸಾವಿರವನ್ನು ಹೀಗೆ ಹಂಚುತ್ತೇನೆ. ಗ್ರಾಫಿಕ್ಸ್ ಕಾರ್ಡ್‌ಗೆ 23 ಸಾವಿರದವರೆಗೆ. ಪ್ರೊಸೆಸರ್, ಮದರ್‌ಬೋರ್ಡ್ ಎರಡಕ್ಕೂ ಸೇರಿ 19. ರ್‍ಯಾಮ್‌ಗೆ 9, ಎಸ್‌ಎಸ್‌ಡಿಗೆ 6, ಎಸ್‌ಎಂಪಿಎಸ್‌ಗೆ ನಾಲ್ಕೂವರೆ, ಕ್ಯಾಬಿನೆಟ್‌ಗೆ ಮೂರೂವರೆ. ಬೆಲೆ ವಾರ ವಾರಕ್ಕೆ ಬದಲಾಗುತ್ತದೆ, ಆದ್ದರಿಂದ ಇದನ್ನು ಮಿತಿ ಅಂತ ನೋಡಿ, ರೇಟು ಅಂತ ಅಲ್ಲ. ಒಂದು ಕಡೆ ಐನೂರು ಉಳಿದರೆ ಇನ್ನೊಂದು ಕಡೆ ಹಾಕಿ. ಎಸ್‌ಎಂಪಿಎಸ್‌ನಿಂದ ಮಾತ್ರ ತೆಗೆಯಬೇಡಿ.

ಕಾರ್ಡ್ ವಿಷಯಕ್ಕೆ ಬರೋಣ. ಆರ್‌ಎಕ್ಸ್ 6600 ಬಂದದ್ದು 2021ರ ಅಕ್ಟೋಬರ್‌ನಲ್ಲಿ. ಹಳೇದಾಯಿತು ನಿಜ, ಆದರೆ ನಿಮ್ಮ ಬಜೆಟ್‌ಗೆ ಈಗಲೂ ಹೊಂದುತ್ತದೆ. 8 ಜಿಬಿ ಮೆಮೊರಿ, 132 ವ್ಯಾಟ್ ವಿದ್ಯುತ್. ಸೈಬರ್‌ಪಂಕ್ ಅನ್ನು ಫುಲ್ ಎಚ್‌ಡಿಯಲ್ಲಿ ಮೀಡಿಯಂ, ಹೈ ನಡುವೆ ಇಟ್ಟರೆ 60ರ ಆಸುಪಾಸು ಆಡಬಹುದು. ಜನಜಂಗುಳಿಯ ಜಾಗದಲ್ಲಿ ಫ್ರೇಮ್ ಇಳಿದರೆ ಎಫ್‌ಎಸ್‌ಆರ್ (ಚಿತ್ರವನ್ನು ಚಿಕ್ಕದಾಗಿ ಬಿಡಿಸಿ ಹಿಗ್ಗಿಸುವ ಸೆಟ್ಟಿಂಗ್) ಆನ್ ಮಾಡಿಕೊಳ್ಳಿ. ಬೆಳಕು, ನೆರಳನ್ನು ಸಹಜವಾಗಿ ತೋರಿಸುವ ರೇ ಟ್ರೇಸಿಂಗ್ ಮರೆತುಬಿಡಿ. ಸ್ಟಾಕ್ ಇಲ್ಲದಿದ್ದರೆ, ಅಥವಾ ಬೆಲೆ ಹತ್ತಿರ ಹತ್ತಿರ ಬಂದರೆ, ಆರ್‌ಎಕ್ಸ್ 7600 ಅಥವಾ ಆರ್‌ಟಿಎಕ್ಸ್ 4060 ಕೇಳಿ. 4060 ಇನ್ನೂ ಕಡಿಮೆ ವಿದ್ಯುತ್ ತಿನ್ನುತ್ತದೆ, 115 ವ್ಯಾಟ್.

ದಾರಿ ತಪ್ಪಿಸುವ ಮೂರು ಕಾರ್ಡ್‌ಗಳಿವೆ. ಒಂದು, ಆರ್‌ಎಕ್ಸ್ 6500 ಎಕ್ಸ್‌ಟಿ. ಹೆಸರಿನಲ್ಲಿ 6600ಕ್ಕಿಂತ ಬರೀ ನೂರು ಕಡಿಮೆ, ಆದರೆ ಸಾಮಾನ್ಯವಾಗಿ ಸಿಗುವುದು 4 ಜಿಬಿ ಮೆಮೊರಿಯದು, ಬೋರ್ಡ್ ಜೊತೆ ಮಾತಾಡಲು ನಾಲ್ಕೇ ಲೇನ್. ಈ ಲೇನ್‌ಗಳ ಹಳೇ, ನಿಧಾನ ರೂಪವಾದ ಪಿಸಿಐಇ 3.0 ಬೋರ್ಡ್‌ಗೆ ಹಾಕಿದರೆ ಇನ್ನೂ ಮುಗ್ಗರಿಸುತ್ತದೆ. ಎರಡು, ಆರ್‌ಟಿಎಕ್ಸ್ 3050ರಲ್ಲಿ 8 ಜಿಬಿಯದು ಬೇರೆ, 2024ರಲ್ಲಿ ಬಂದ 6 ಜಿಬಿಯದು ಬೇರೆ. 6 ಜಿಬಿಯದರಲ್ಲಿ ಮೆಮೊರಿ ಒಂದೇ ಅಲ್ಲ, ಒಳಗಿನ ಕೋರ್‌ಗಳೂ ಕಡಿಮೆ. ಪ್ರತ್ಯೇಕ ಪವರ್ ಕೇಬಲ್ ಇಲ್ಲದೆ 70 ವ್ಯಾಟ್‌ನಲ್ಲಿ ನಡೆಯುವುದು ಅದರ ಒಳ್ಳೆ ಗುಣ. ಹಳೇ ಆಫೀಸ್ ಪಿಸಿಗೆ ಹಾಕಲು ಅದೇ ಸರಿ, ನಿಮಗಲ್ಲ. ಮೂರು, ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ‘ಹೊಸ’ ಆರ್‌ಎಕ್ಸ್ 580. ಪೆಟ್ಟಿಗೆಯ ಮೂಲೆಯಲ್ಲಿ 2048ಎಸ್‌ಪಿ ಅಂತ ಇದ್ದರೆ ಅದು 2017ರ ಅಸಲಿ 580 ಅಲ್ಲವೇ ಅಲ್ಲ. ಅಸಲಿಯಲ್ಲಿ 2304 ಶೇಡರ್‌ಗಳು (ಚಿತ್ರ ಬಿಡಿಸುವ ಪುಟ್ಟ ಕೋರ್‌ಗಳು) ಇರುತ್ತವೆ. ಇದು ಒಂದು ಮೆಟ್ಟಿಲು ಕೆಳಗಿನ 570ಕ್ಕೆ ಹತ್ತಿರದ್ದು.

ಸೆಕೆಂಡ್ ಹ್ಯಾಂಡ್ ಕಾರ್ಡ್ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ತೋರಿಸಿಯೇ ತೋರಿಸುತ್ತಾರೆ. 2022ರ ಸೆಪ್ಟೆಂಬರ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ ಬಳಸಿ ಮಾಡುತ್ತಿದ್ದ ಇಥೀರಿಯಂ ಅನ್ನುವ ಕ್ರಿಪ್ಟೊ ಹಣದ ಮೈನಿಂಗ್ ನಿಂತ ಮೇಲೆ ರಾಶಿ ರಾಶಿ ಕಾರ್ಡ್‌ಗಳು ಮಾರುಕಟ್ಟೆಗೆ ಬಂದವು. ಮೈನಿಂಗ್ ಮಾಡಿದ್ದೆಲ್ಲ ಕೆಟ್ಟಿದ್ದು ಅಂತಲ್ಲ. ಆದರೆ ಮೊದಲ ಪಿಸಿಯಲ್ಲಿ ಏನಾದರೂ ತೊಂದರೆ ಬಂದಾಗ ಕಾರ್ಡ್ ಕೆಟ್ಟಿದೆಯೋ, ನೀವು ಹಾಕಿದ್ದು ತಪ್ಪೋ ಗೊತ್ತಾಗುವುದಿಲ್ಲ. ತಗೊಳ್ಳಲೇಬೇಕು ಅಂದರೆ ವಾರಂಟಿ ಉಳಿದಿರುವ, ಬಿಲ್ ಇರುವ ಕಾರ್ಡ್ ನೋಡಿ. ಮಾರುವವರ ಎದುರೇ ಕಾರ್ಡ್‌ನ ವಿವರ ತೋರಿಸುವ ಜಿಪಿಯು-ಝಡ್ ತಂತ್ರಾಂಶ ಓಡಿಸಿ, ಅರ್ಧ ಗಂಟೆ ಆಟ ಆಡಿ ನೋಡಿ.

ಪ್ರೊಸೆಸರ್‌ಗೆ ಬಂದರೆ, ನಿಮ್ಮ ಗೆಳೆಯ ಹೇಳಿದ್ದರಲ್ಲಿ ಆ ಕೊನೆಯ ‘ಜಿ’ ತೆಗೆಯಿರಿ. 5600ಜಿ ಒಳಗೇ ಗ್ರಾಫಿಕ್ಸ್ ಇರುವ ಚಿಪ್. ಬೇರೆ ಕಾರ್ಡ್ ಹಾಕುವವರಿಗೆ ಅದು ಉಪಯೋಗವಿಲ್ಲ. ಬದಲಿಗೆ ಎಲ್3 ಕ್ಯಾಷ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) 32 ಎಂಬಿ ಇರಬೇಕಾದಲ್ಲಿ 16 ಎಂಬಿ, ಪಿಸಿಐಇ 4.0 ಬದಲು 3.0. ಆಟಗಳಿಗೆ ಕ್ಯಾಷ್ ಬೇಕೇ ಬೇಕು. ಬರೀ ರೈಜನ್ 5 5600 ತಗೊಳ್ಳಿ: ಆರು ಕೋರ್, 65 ವ್ಯಾಟ್, ಪೆಟ್ಟಿಗೆಯಲ್ಲೇ ಕೂಲರ್. 5500 ಅನ್ನುವುದು 5600ಜಿಯದೇ ಗ್ರಾಫಿಕ್ಸ್ ತೆಗೆದ ರೂಪ. ದುಡ್ಡು ಸಾಲದಿದ್ದರೆ ಅದಕ್ಕೆ ಇಳಿಯಬಹುದು. ಇಂಟೆಲ್ ಕಡೆ ಐ5-12400ಎಫ್ ಕೂಡ ಇಷ್ಟೇ ಒಳ್ಳೆಯದು. ಎರಡರಲ್ಲಿ ಬೋರ್ಡ್ ಸೇರಿ ಯಾವುದು ಅಗ್ಗವೋ ಅದು. ಎಎಂಡಿ, ಇಂಟೆಲ್ ಜಗಳಕ್ಕೆ ಹೋಗಬೇಡಿ, ಅದು ಮುಗಿಯುವುದಲ್ಲ.

ಎಎಂ5 ಅನ್ನುವ ಎಎಂಡಿಯ ಹೊಸ ಪ್ಲಾಟ್‌ಫಾರ್ಮ್‌ಗೆ ಹೋದರೆ ಮುಂದೆ ಅಪ್‌ಗ್ರೇಡ್ ಸುಲಭ ಅಂತ ಹೇಳುವವರಿರುತ್ತಾರೆ. ಮಾತು ಸುಳ್ಳಲ್ಲ. ಆದರೆ ಅದಕ್ಕೆ ಡಿಡಿಆರ್5 ರ್‍ಯಾಮೇ ಆಗಬೇಕು, ಬೋರ್ಡೂ ದುಬಾರಿ. ಆ ದುಡ್ಡು ಕೊನೆಗೆ ನಿಮ್ಮ ಗ್ರಾಫಿಕ್ಸ್ ಕಾರ್ಡ್‌ನಿಂದಲೇ ಕಿತ್ತು ಕೊಡಬೇಕಾಗುತ್ತದೆ.

5600ಕ್ಕೆ ಬೋರ್ಡ್ ಬಿ550 ಆದರೆ ಚೆನ್ನ, ಎ520 ಆದರೂ ನಡೆಯುತ್ತದೆ. ಎ520ರಲ್ಲಿ ಪಿಸಿಐಇ 3.0 ಮಾತ್ರ ಇದ್ದರೂ 6600ಕ್ಕೆ ಅದರಿಂದ ಆಗುವ ನಷ್ಟ ಚಿಕ್ಕದು. ಒಂದು ವಿಷಯ ಕೇಳಲು ಮರೆಯಬೇಡಿ: ವೈಫೈ ಇದೆಯಾ? ಅಗ್ಗದ ಬೋರ್ಡ್‌ಗಳಲ್ಲಿ ಬಹುತೇಕ ಇರುವುದಿಲ್ಲ. ಮನೆಯಲ್ಲಿ ಕೇಬಲ್ ಎಳೆಯಲು ಆಗದಿದ್ದರೆ ವೈಫೈ ಅಡಾಪ್ಟರ್‌ಗೂ ದುಡ್ಡು ತೆಗೆದಿಡಿ. ಹಳೇ ಸ್ಟಾಕ್‌ನ ಬಿ450 ಕೊಟ್ಟರೆ 5600ಕ್ಕೆ ಬಯೋಸ್ (ಬೋರ್ಡ್‌ನ ಒಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿಕೊಡಿ ಅಂತ ಮೊದಲೇ ಹೇಳಿ.

ರ್‍ಯಾಮ್ ಈಗ ಹೊಟ್ಟೆ ಉರಿಸುವ ವಿಷಯ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನೆಲ್ಲ ಬಾಚಿಕೊಳ್ಳಲು ಶುರು ಮಾಡಿ, 2025ರ ಕೊನೆಯ ತಿಂಗಳುಗಳಲ್ಲಿ ಬೆಲೆ ಗಗನಕ್ಕೇರಿತು. ಆ ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ ಸಾಮಾನ್ಯ ಗ್ರಾಹಕರಿಗೆ ಮಾರುವ ಕ್ರೂಷಿಯಲ್ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಹೇಳಿತು. ನಾವು ಡಿಡಿಆರ್4 ಪ್ಲಾಟ್‌ಫಾರ್ಮ್ ಹಿಡಿಯಲು ಇದೂ ಒಂದು ಕಾರಣ. ಗೆಳೆಯರು, ನೆಂಟರ ಹತ್ತಿರ ಬಳಸದೆ ಬಿದ್ದಿರುವ ಡಿಡಿಆರ್4 ಸ್ಟಿಕ್ ಇದ್ದರೆ ಕೇಳಿ ನೋಡಿ. ಡೆಸ್ಕ್‌ಟಾಪ್‌ನದು ಆಗಿರಬೇಕು, ಲ್ಯಾಪ್‌ಟಾಪ್‌ನ ಗಿಡ್ಡ ಸ್ಟಿಕ್ ಕೂರುವುದಿಲ್ಲ. ರ್‍ಯಾಮ್ ಒಂದನ್ನೇ ನಾನು ಸೆಕೆಂಡ್ ಹ್ಯಾಂಡ್ ತಗೊಳ್ಳಿ ಅಂತ ಧೈರ್ಯವಾಗಿ ಹೇಳುತ್ತೇನೆ. ಅದು ಕೆಡುವುದು ಕಡಿಮೆ, ಪರೀಕ್ಷೆ ಮಾಡುವುದೂ ಸುಲಭ.

16 ಜಿಬಿ ಬೇಕು, ಅದೂ 8 ಜಿಬಿಯ ಎರಡು ಸ್ಟಿಕ್. ‘ಒಂದೇ 16 ಹಾಕಿ, ಮುಂದೆ ಇನ್ನೊಂದು ಹಾಕಬಹುದು’ ಅಂತ ಅಂಗಡಿಯಲ್ಲಿ ಹೇಳುತ್ತಾರೆ. ಬೇಡ. ಎರಡಿದ್ದರೆ ಪ್ರೊಸೆಸರ್‌ಗೆ ಎರಡು ದಾರಿಯಲ್ಲಿ ಡೇಟಾ ಬರುತ್ತದೆ. ಒಂದೇ ಇದ್ದರೆ ಆಟದಲ್ಲಿ ಫ್ರೇಮ್ ಬೀಳುವುದು ಕಣ್ಣಿಗೇ ಕಾಣುತ್ತದೆ. ನಾಲ್ಕು ಸ್ಲಾಟ್ ಇರುವ ಬೋರ್ಡ್ ಆದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು, ನಾಲ್ಕನೆಯದಕ್ಕೆ ಹಾಕಿ. 3200 ವೇಗದ್ದು ಕೊಂಡು ಸುಮ್ನೆ ಹಾಕಿಬಿಟ್ಟರೆ ಎಷ್ಟೋ ಸಲ 2400 ಅಥವಾ 2666ರಲ್ಲೇ ಓಡುತ್ತಿರುತ್ತದೆ. ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ ಆನ್ ಮಾಡಿ, ಕೆಲವು ಬೋರ್ಡ್‌ಗಳಲ್ಲಿ ಇದಕ್ಕೆ ಡಿಒಸಿಪಿ ಅಂತ ಹೆಸರು. ಆಮೇಲೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ವೇಗ ನೋಡಿ ಖಚಿತ ಮಾಡಿಕೊಳ್ಳಿ.

ಎಸ್‌ಎಂಪಿಎಸ್ ‘ಕ್ಯಾಬಿನೆಟ್ ಜೊತೆಗೇ ಬರುತ್ತೆ’ ಅಂದದ್ದು ನಿಮ್ಮ ಗೆಳೆಯನ ಪಟ್ಟಿಯಲ್ಲಿ ಇರುವ ಅಪಾಯದ ಮಾತು. ಅಂಗಡಿಗೆ ಹೋದಾಗ ಅಂಥ ಒಂದು ಎಸ್‌ಎಂಪಿಎಸ್ ಕೈಗೆ ತಗೊಂಡು ಪಕ್ಕದ ಸ್ಟಿಕ್ಕರ್ ಓದಿ. ಮುಂದೆ ದೊಡ್ಡದಾಗಿ 500 ಅಂತ ಇರುತ್ತದೆ. ಪಕ್ಕದ ಪುಟ್ಟ ಕೋಷ್ಟಕದಲ್ಲಿ +12 ವೋಲ್ಟ್ ಅನ್ನುವ ಕಾಲಂ ಹುಡುಕಿ. ಅಲ್ಲಿ 18 ಆಂಪ್ಸ್ ಅಂತ ಇದ್ದರೆ 12ರಿಂದ ಗುಣಿಸಿ: 216 ವ್ಯಾಟ್. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಮುಖ್ಯವಾಗಿ ಈ 12 ವೋಲ್ಟ್‌ನಿಂದಲೇ ಎಳೆಯುವುದು. ಒಳ್ಳೆಯ 550 ವ್ಯಾಟ್‌ನದರಲ್ಲಿ ಅದೇ ಜಾಗದಲ್ಲಿ 45 ಆಂಪ್ಸ್ ಆಸುಪಾಸು ಇರುತ್ತದೆ. ಇನ್ನೊಂದು ಗುರುತು ಕೇಬಲ್‌ಗಳಲ್ಲಿದೆ. 6600ಕ್ಕೆ ಸಾಮಾನ್ಯವಾಗಿ ಒಂದು 8 ಪಿನ್ ಪವರ್ ಕೇಬಲ್ ಬೇಕು. ಲೋಕಲ್ ಎಸ್‌ಎಂಪಿಎಸ್‌ನಲ್ಲಿ ಅದು ಇರುವುದೇ ಇಲ್ಲ, ಅಂಗಡಿಯವರು ಹಾರ್ಡ್ ಡಿಸ್ಕ್‌ನ ಕೇಬಲ್‌ಗೆ ಕನ್ವರ್ಟರ್ ಸಿಕ್ಕಿಸಿ ಕೊಡುತ್ತಾರೆ. ಆ ಕನೆಕ್ಟರ್ ಬಿಸಿಯಾಗಿ ಕರಗಿದ್ದನ್ನು ನೋಡಿದವರು ಬೇಕಾದಷ್ಟು ಜನ ಸಿಗುತ್ತಾರೆ.

ನಿಮ್ಮ ಲೆಕ್ಕ ಇಷ್ಟು: ಕಾರ್ಡ್ 132 ವ್ಯಾಟ್, ಪ್ರೊಸೆಸರ್ ಪೂರ್ತಿ ದುಡಿದಾಗ 76, ಉಳಿದದ್ದಕ್ಕೆ 40–50 ಇಟ್ಟುಕೊಳ್ಳಿ. ಒಟ್ಟು 260 ದಾಟುವುದಿಲ್ಲ. ಹೆಸರುವಾಸಿ ಕಂಪನಿಯ 550 ವ್ಯಾಟ್, 80 ಪ್ಲಸ್ ಬ್ರಾಂಝ್, ಐದು ವರ್ಷ ವಾರಂಟಿ ಇರುವುದು ಸಾಕು. ಬ್ರಾಂಝ್ ಅನ್ನುವುದು ವಿದ್ಯುತ್ ಎಷ್ಟು ಪೋಲಾಗುತ್ತದೆ ಅನ್ನುವುದರ ಅಳತೆ ಮಾತ್ರ, ಗುಣಮಟ್ಟದ ಸರ್ಟಿಫಿಕೇಟ್ ಅಲ್ಲ. ಅದಕ್ಕೇ ವಾರಂಟಿ ವರ್ಷವನ್ನೂ ನೋಡಿ ಅಂದದ್ದು. 750 ವ್ಯಾಟ್ ತಗೊಳ್ಳಿ ಅಂತ ಯಾರಾದರೂ ಅಂದರೆ ಆ ದುಡ್ಡು ಎಸ್‌ಎಸ್‌ಡಿಗೆ ಹಾಕಿ.

ಕರೆಂಟಿನ ಮಾತು ಬಂತು ಅಂತ ಇದನ್ನೂ ಹೇಳಿಬಿಡುತ್ತೇನೆ. ಪಿಸಿ ಇಡುವ ಪ್ಲಗ್ ಪಾಯಿಂಟ್‌ನಲ್ಲಿ ಅರ್ಥಿಂಗ್ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ. ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಅನ್ನುತ್ತದೆ, ಟೆಸ್ಟರ್ ಇಟ್ಟರೆ ಮಿನುಗುತ್ತದೆ ಅಂತ ಎಷ್ಟೋ ಜನ ಎಸ್‌ಎಂಪಿಎಸ್ ವಾಪಸ್ ತಗೊಂಡು ಹೋಗುತ್ತಾರೆ. ತಪ್ಪು ಅದರದಲ್ಲ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್‌ನ ಚಿಕ್ಕ ಕೆಪಾಸಿಟರ್‌ಗಳಿಂದ ಒಂದಿಷ್ಟು ಕರೆಂಟು ಕ್ಯಾಬಿನೆಟ್‌ನ ಲೋಹಕ್ಕೆ ಬರುತ್ತದೆ, ಅದು ಅರ್ಥ್ ತಂತಿಯಲ್ಲಿ ನೆಲಕ್ಕೆ ಹೋಗಬೇಕು. ಅರ್ಥ್ ಇಲ್ಲದ ಮನೆಯಲ್ಲಿ ಅದು ಕ್ಯಾಬಿನೆಟ್‌ನಲ್ಲೇ ನಿಂತಿರುತ್ತದೆ. ಮೂರು ಪಿನ್‌ನ ಪ್ಲಗ್ ಅನ್ನು ಎರಡು ಪಿನ್ ಮಾಡುವ ಅಡಾಪ್ಟರ್ ಮನೆಯಲ್ಲಿದ್ದರೆ ಬಿಸಾಡಿ. ಯುಪಿಎಸ್ ಈಗಲೇ ಬೇಕಿಲ್ಲ. ಮುಂದೆ ತಗೊಂಡರೆ 600 ವಿಎ ಅನ್ನುವುದು ಸಾಮಾನ್ಯವಾಗಿ 360 ವ್ಯಾಟ್ ಮಾತ್ರ, ಶಟ್‌ಡೌನ್ ಮಾಡಲು ಸಮಯ ಕೊಡುತ್ತದೆ ಅಷ್ಟೇ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಪ್ಲಗ್ ಕಿತ್ತಿಡಿ, ಇಂಟರ್ನೆಟ್ ಕೇಬಲ್ ಕೂಡ.

ಎಸ್‌ಎಸ್‌ಡಿ ಎನ್‌ವಿಎಂಇ (ಬೋರ್ಡ್‌ನ ಎಂ.2 ಸ್ಲಾಟ್‌ಗೆ ನೇರ ಕೂರುವ ವೇಗದ ಮಾದರಿ) ಇರಲಿ. ಜೆನ್3, ಜೆನ್4 ಅಂತ ತಲೆ ಕೆಡಿಸಿಕೊಳ್ಳಬೇಡಿ, ಆಟದಲ್ಲಿ ವ್ಯತ್ಯಾಸ ಗೊತ್ತಾಗುವುದು ಕಷ್ಟ. ಜಾಗ ಮುಖ್ಯ. ಸೈಬರ್‌ಪಂಕ್ ಒಂದೇ 70 ಜಿಬಿ ಕೇಳುತ್ತದೆ, ಜಿಟಿಎ ಅದಕ್ಕಿಂತ ಜಾಸ್ತಿ. 500 ಜಿಬಿಯಲ್ಲಿ ಶುರು ಮಾಡಿ, ಬೋರ್ಡ್‌ನಲ್ಲಿ ಇನ್ನೊಂದು ಎಂ.2 ಸ್ಲಾಟ್ ಇದ್ದರೆ ಮುಂದೆ ಸೇರಿಸಬಹುದು. ಕ್ಯಾಬಿನೆಟ್ ಮುಂಭಾಗ ಜಾಲರಿ ಇರಲಿ, ಗಾಜಿನ ಗೋಡೆ ಬೇಡ. ಲೈಟು ನಿಮ್ಮಿಷ್ಟ.

ಅಸೆಂಬ್ಲಿ ನೀವೇ ಮಾಡಬಹುದು, ಒಂದು ಮಧ್ಯಾಹ್ನದ ಕೆಲಸ. 5600ರಂಥ ಎಎಂ4 ಪ್ರೊಸೆಸರ್‌ನ ಪಿನ್‌ಗಳು ಅದರ ಹೊಟ್ಟೆಯ ಕೆಳಗೇ ಇರುತ್ತವೆ. ಒಂದು ಮೂಲೆಯಲ್ಲಿ ಬಂಗಾರ ಬಣ್ಣದ ಸಣ್ಣ ತ್ರಿಕೋನ ಕಾಣುತ್ತದೆ. ಸಾಕೆಟ್ ಮೇಲಿನ ತ್ರಿಕೋನಕ್ಕೆ ಅದನ್ನು ಹೊಂದಿಸಿ, ಲಿವರ್ ಎತ್ತಿ ಇಟ್ಟರೆ ತಾನಾಗಿ ಕೂರಬೇಕು. ಒತ್ತಲೇಬಾರದು. ಮುಂದೆ ಯಾವತ್ತಾದರೂ ಕೂಲರ್ ತೆಗೆಯುವಾಗ ನೇರ ಎಳೆಯಬೇಡಿ, ಪೇಸ್ಟಿಗೆ ಅಂಟಿಕೊಂಡು ಪ್ರೊಸೆಸರೂ ಕಿತ್ತು ಬರುತ್ತದೆ. ಪಿಸಿ ಸ್ವಲ್ಪ ಹೊತ್ತು ಓಡಿಸಿ ಬೆಚ್ಚಗಾದ ಮೇಲೆ ಆಫ್ ಮಾಡಿ, ಸ್ಕ್ರೂ ಬಿಚ್ಚಿ, ಕೂಲರನ್ನು ಅತ್ತಿತ್ತ ತಿರುಗಿಸಿ ಬಿಡಿಸಿ. ಎಲ್ಲವನ್ನೂ ಕ್ಯಾಬಿನೆಟ್‌ಗೆ ತುಂಬುವ ಮೊದಲು ಮದರ್‌ಬೋರ್ಡ್ ಬಂದ ರಟ್ಟಿನ ಪೆಟ್ಟಿಗೆ ಮೇಲೇ ಇಟ್ಟು ಒಮ್ಮೆ ಆನ್ ಮಾಡಿ ನೋಡುವುದು ಒಳ್ಳೆಯದು. ಬಯೋಸ್ ಕಂಡರೆ ಅರ್ಧ ಗೆದ್ದಂತೆ. ಅಲ್ಲೇ ಎಫ್‌ಟಿಪಿಎಂ (ಎಎಂಡಿಯ ಟಿಪಿಎಂ), ಸೆಕ್ಯೂರ್ ಬೂಟ್ ಆನ್ ಇವೆಯಾ, ಸಿಎಸ್‌ಎಂ (ಹಳೇ ಬೂಟ್ ವಿಧಾನ) ಆಫ್ ಇದೆಯಾ ನೋಡಿಕೊಂಡು ಆಮೇಲೆ ವಿಂಡೋಸ್ ಹಾಕಿ, ವ್ಯಾಲೊರಂಟ್ ಜಗಳ ತೆಗೆಯುವುದಿಲ್ಲ.

ಧೈರ್ಯ ಸಾಲದಿದ್ದರೆ ಬೆಂಗಳೂರಿನ ಎಸ್‌ಪಿ ರೋಡ್‌ಗೆ ಒಂದು ದಿನ ಹೋಗಿ ಬನ್ನಿ. ಭಾನುವಾರ ಬೇಡ, ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ. ಎಲ್ಲವನ್ನೂ ಒಂದೇ ಕಡೆ ತಗೊಂಡರೆ ಅಸೆಂಬ್ಲಿ ಅವರೇ ಮಾಡಿಕೊಡುತ್ತಾರೆ. ಹೋಗುವ ಮುಂಚೆ ಆನ್‌ಲೈನ್ ಬೆಲೆ ಬರೆದುಕೊಂಡು ಹೋಗಿ. ‘ಬಿಲ್ ಬೇಡ ಅಂದರೆ ಕಡಿಮೆ ಮಾಡ್ತೀನಿ’ ಅನ್ನುತ್ತಾರೆ, ಒಪ್ಪಬೇಡಿ. ಜಿಎಸ್‌ಟಿ ಬಿಲ್‌ನಲ್ಲಿ ಪ್ರತಿ ಭಾಗದ ಮಾಡೆಲ್, ಸೀರಿಯಲ್ ನಂಬರ್ ಇರಬೇಕು. ಮುಂದೆ ಸರ್ವಿಸ್ ಸೆಂಟರ್‌ನಲ್ಲಿ ಮೊದಲು ಕೇಳುವುದೇ ಅದನ್ನು. ತಿಂಗಳಿಗೊಂದು ಭಾಗ ಅಂತ ಕೊಳ್ಳಲೂ ಹೋಗಬೇಡಿ. ಬೋರ್ಡ್ ಇಲ್ಲದೆ ಪ್ರೊಸೆಸರ್ ಸರಿಯಿದೆಯಾ ಅಂತ ನೋಡಲು ಆಗುವುದಿಲ್ಲ, ಅಷ್ಟರಲ್ಲಿ ವಾಪಸ್ ಕೊಡುವ ಗಡುವು ಮುಗಿದಿರುತ್ತದೆ.

ಕಟ್ಟಿದ ಪಿಸಿಯನ್ನು ಬಸ್ಸಿನಲ್ಲಿ ತರುವುದಾದರೆ ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ ಅದರ ಪೆಟ್ಟಿಗೆಯಲ್ಲೇ ಹಾಕಿಕೊಂಡು ಬನ್ನಿ. ಹಂಪ್‌ಗಳಿಗೆ ಸ್ಲಾಟ್ ಬಿರುಕು ಬಿಡುತ್ತದೆ. ಹೊರಡುವ ಮುಂಚೆ ಅಣ್ಣನ ಮಾನಿಟರ್ ಹಿಂದೆ ಒಮ್ಮೆ ನೋಡಿ. ನೀಲಿ ಬಣ್ಣದ ವಿಜಿಎ ಪೋರ್ಟ್ ಮಾತ್ರ ಇದ್ದರೆ ಎಚ್‌ಡಿಎಂಐನಿಂದ ವಿಜಿಎ ಮಾಡುವ ಕನ್ವರ್ಟರ್ ಒಂದು ಬೇಕು, ಏಕೆಂದರೆ 6600ರಲ್ಲಿ ಎಚ್‌ಡಿಎಂಐ ಮತ್ತು ಡಿಸ್‌ಪ್ಲೇಪೋರ್ಟ್ ಇರುತ್ತವೆ, ವಿಜಿಎ ಇಲ್ಲ. ಕೇಬಲ್ ಅನ್ನು ಕಾರ್ಡ್‌ಗೇ ಚುಚ್ಚಿ. ಮದರ್‌ಬೋರ್ಡ್‌ನಲ್ಲೂ ಎಚ್‌ಡಿಎಂಐ ಪೋರ್ಟ್ ಕಾಣಬಹುದು, ಆದರೆ 5600ರ ಒಳಗೆ ಗ್ರಾಫಿಕ್ಸ್ ಇಲ್ಲವಾದ್ದರಿಂದ ಅಲ್ಲಿ ಚುಚ್ಚಿದರೆ ಸ್ಕ್ರೀನ್‌ನಲ್ಲಿ ಏನೂ ಬರುವುದಿಲ್ಲ.